ಬೆನ್ನಿಟ್ಟು ನೋಡಿದ ಮಧ್ಯಾಹ್ನ

ಬಿಸಿಲಿಗೆ ಕಾದ ಹತ್ತಿಯ ವಾಸನೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ಇರುವಕ್ಕನಿಗೆ ಹೇಳಲು ಬರುತ್ತಿರಲಿಲ್ಲ. ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಅನ್ನಬಹುದು, ಆದರೆ ಅಷ್ಟು ಗಡುಸಲ್ಲ. ಹಾಲು ಕುಡಿದು ಮಲಗಿದ ಕೂಸಿನ ನೆತ್ತಿಯ ಹಾಗೆ ಅನ್ನಬಹುದು, ಆದರೆ ಅದಕ್ಕೆ ಒಂದಿಷ್ಟು ಧೂಳು, ಒಂದಿಷ್ಟು ಒಣಗಿದ ಎಲೆ, ಒಂದೆರಡು ತೊಟ್ಟು ಯಂತ್ರದ ಎಣ್ಣೆ ಸೇರಿಸಿಕೊಳ್ಳಬೇಕು. ಚಿಕ್ಕವಳಿದ್ದಾಗ ಶಾಲೆ ಬಿಟ್ಟು ಬಂದವಳೇ ಅಪ್ಪನ ಹಾಸಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ರಾಶಿ ಹಾಕಿದ ಹತ್ತಿಯೊಳಗೆ ಬೀಳುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದಷ್ಟೇ ಗೊತ್ತು. ಆಮೇಲೆ ಅಪ್ಪ ಬಂದು, ತಲೆಗೆ ಅಂಟಿದ ಹತ್ತಿಯನ್ನು ಕೊಡವಿ, ಹೆಗಲ ಮೇಲೆ ಹಾಕಿಕೊಂಡು ಮನೆಗೆ ಹೊರಟಾಗಲೂ ಅವಳಿಗೆ ಎಚ್ಚರವಾಗುತ್ತಿರಲಿಲ್ಲ.

ಎಚ್ಚರವಿದ್ದಾಗ ಮಾತ್ರ ಒಂದು ಕಡೆ ನಿಂತ ಹುಡುಗಿಯಲ್ಲ. ಅದಕ್ಕೇ ಅಪ್ಪ ‘ಇರುವೆ’ ಎಂದು ಹೆಸರಿಟ್ಟ. ದೊಡ್ಡವಳಾದ ಮೇಲೆ ಬೀದಿಯವರು ಅದಕ್ಕೊಂದು ಅಕ್ಕ ಸೇರಿಸಿ ಇರುವಕ್ಕ ಮಾಡಿದರು. ನಿಜವಾದ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತಿತ್ತು.

ಹೋದ ವರ್ಷ ಅಪ್ಪನ ಮಂಡಿ ಕೈಕೊಟ್ಟು, ಅಂಗಡಿ ಅವಳ ಕೈಗೆ ಬಂತು. ಹಾಸಿಗೆ ಮಾಡುವುದು ಅವಳಿಗೆ ಹೊಸದೇನಲ್ಲ. ಹತ್ತಿ ಹಿಂಜಲು, ಗವಸಿಗೆ ತುಂಬಲು, ಕೋಲಿನಿಂದ ಬಡಿದು ಸಮ ಮಾಡಲು, ದಬ್ಬಣದಿಂದ ನಡುನಡುವೆ ದಾರ ಎಳೆದು ಗಂಟು ಹಾಕಲು ಎಲ್ಲವೂ ಬರುತ್ತಿತ್ತು. ಬರದೇ ಇದ್ದದ್ದು ಯಜಮಾನಿಕೆ. ಶುರುವಿನಲ್ಲೇ ಒಬ್ಬ ಗಿರಾಕಿ ಹಾಸಿಗೆ ವಾಪಸು ತಂದು, “ನಿಮ್ಮಪ್ಪ ಇದ್ದಾಗ ಹೀಗಿರ್ಲಿಲ್ಲ ನೋಡಿ, ಒಂದು ಕಡೆ ಗುಡ್ಡ ಒಂದು ಕಡೆ ಹಳ್ಳ” ಎಂದುಬಿಟ್ಟ. ಅಪ್ಪ ನಕ್ಕು, “ಅವನ ಸೊಂಟನೇ ಹಾಗಿದೆ ಬಿಡೇ” ಎಂದ. ಅವಳಿಗೆ ಬಿಡಲಾಗಲಿಲ್ಲ. ಅಂದಿನಿಂದ ಪ್ರತಿಯೊಂದನ್ನೂ ತಾನೇ ನೋಡತೊಡಗಿದಳು. ಬಾಗಿಲಿಗೆ ಬೀಗ ಹಾಕಿ, ಅರ್ಧ ದಾರಿಯಿಂದ ತಿರುಗಿ ಬಂದು ಬೀಗ ಜಗ್ಗುವುದು. ಹತ್ತಿ ತಂದವನು ಹೋದ ಮೇಲೆ ಮೂಟೆಯನ್ನು ಮತ್ತೆ ತೂಗುವುದು. ಅಂಗಡಿಯಲ್ಲಿ ಹೊಲಿಗೆಗೆ ಕೂರುತ್ತಿದ್ದ ಚಿಕ್ಕಿ, ಅಂದರೆ ತೀರಿಹೋದ ಅಮ್ಮನ ತಂಗಿ, ಸಂಜೆ ಎದ್ದು ಹೋದ ಮೇಲೆ ಅವಳು ಹಾಕಿದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ತಾನು ಮತ್ತೆ ಹಾಕುವುದು. ಚಿಕ್ಕಿಗೆ ಇದು ಗೊತ್ತಿರಲಿಲ್ಲ ಎಂದು ಇರುವಕ್ಕ ತಿಳಿದಿದ್ದಳು. ತನ್ನ ಗಂಟು ಯಾವುದು, ಪರರ ಗಂಟು ಯಾವುದು ಎಂದು ಗುರುತಿಸಲಾರದ ಹೊಲಿಗೆಯವಳು ಯಾವ ಲೋಕದಲ್ಲಿದ್ದಾಳೆ? ಚಿಕ್ಕಿ ಸುಮ್ಮನಿದ್ದಳು, ಅಷ್ಟೆ.

ಹೀಗೆ ಇರುವಾಗ ನಿದ್ದೆ ಹೋಯಿತು. ಒಮ್ಮೆಲೇ ಅಲ್ಲ. ಮನೆಗೆ ಬಂದ ನೆಂಟರು ಒಂದೊಂದೇ ಸಾಮಾನು ಕಟ್ಟಿಕೊಂಡು ಹೊರಡುವ ಹಾಗೆ ಮೊದಲು ಮಧ್ಯಾಹ್ನದ ಜೊಂಪು ಹೋಯಿತು, ಆಮೇಲೆ ಬೆಳಗಿನ ಜಾವದ ಸವಿ ಹೋಯಿತು, ಕೊನೆಗೆ ಕಣ್ಣಿಗೆ ಕಣ್ಣು ಹತ್ತುವುದೇ ಕಷ್ಟವಾಯಿತು. ಪಕ್ಕದಲ್ಲಿ ಗಂಡ. ಅವನು ಸಿಟಿ ಬಸ್ಸಿನ ಡ್ರೈವರ್. ದಿನವಿಡೀ ಹಾರ್ನ್ ಕೇಳಿ ಬಂದವನು ದಿಂಬಿಗೆ ತಲೆ ತಾಗುವ ಮೊದಲೇ ಗೊರಕೆ ಶುರು ಮಾಡುತ್ತಿದ್ದ. ಅದನ್ನು ಕೇಳುತ್ತ ಮಲಗಿದವಳಿಗೆ, ತನ್ನ ಪಾಲಿನ ಊಟವನ್ನು ಎದುರಿಗೇ ಕೂತು ಇನ್ನೊಬ್ಬರು ಉಣ್ಣುತ್ತಿದ್ದಾರೆ ಅನ್ನಿಸುತ್ತಿತ್ತು.

ಕೊನೆಗೆ ಅವನೇ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ಡಾಕ್ಟರಮ್ಮ ರಕ್ತ ನೋಡಿದರು, ಬಿಪಿ ನೋಡಿದರು, ಎಲ್ಲ ಸರಿಯಿದೆ ಎಂದರು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು.

“ಮನೆ ಕಾಯೋಕೆ ಒಂದು ನಾಯಿ ಇದೆ ಅಂದ್ಕೊಳ್ಳಿ. ಎಲೆ ಬಿದ್ರೂ ಬೊಗಳುತ್ತೆ. ಬೊಗಳಿದಾಗಲೆಲ್ಲ ನೀವು ಟಾರ್ಚ್ ಹಿಡ್ಕೊಂಡು ಓಡಿದ್ರೆ ಅದು ಏನಂದ್ಕೊಳ್ಳುತ್ತೆ?”

“ಏನಂದ್ಕೊಳ್ಳುತ್ತೆ?”

“ಕಳ್ಳ ಇದ್ದೇ ಇದ್ದಾನೆ, ಇಲ್ದಿದ್ರೆ ಯಜಮಾನಿ ಯಾಕೆ ಓಡಿ ಬರ್ತಾಳೆ ಅಂತ. ಇನ್ನೂ ಜೋರಾಗಿ ಬೊಗಳುತ್ತೆ. ನಿಮ್ಮ ಮೈಯೊಳಗೂ ಅಂಥದೊಂದು ನಾಯಿ ಇದೆಯಮ್ಮ. ಒಳ್ಳೇ ನಾಯಿ. ಕೆಲಸ ಒಂಚೂರು ಜಾಸ್ತಿ ಮಾಡ್ತಿದೆ, ಅಷ್ಟೆ.”

ಹೊರಗೆ ಬಂದ ಮೇಲೆ ಗಂಡ, “ನೋಡು, ನಾಯಿ ಸಾಕೋದು ಬೇಡ ಅಂತ ನೀನೇ ಹೇಳಿದ್ದೆ” ಎಂದು ನಗಿಸಿದ. ಡಾಕ್ಟರಮ್ಮ ಹೇಳಿದ್ದೇನೂ ಕಷ್ಟದ್ದಲ್ಲ. ದಿನಾ ಒಂದೇ ಹೊತ್ತಿಗೆ ಏಳಿ, ಮಧ್ಯಾಹ್ನದ ಮೇಲೆ ಕಾಫಿ ಬೇಡ, ಫೋನು ಹಜಾರದಲ್ಲೇ ಇರಲಿ, ಗಡಿಯಾರದ ಮುಖ ಗೋಡೆಗೆ ತಿರುಗಿಸಿ. ಚಿಂತೆ ಮಾಡಲೇಬೇಕಿದ್ದರೆ ಸಂಜೆಯ ಬೆಳಕಿರುವಾಗಲೇ ಕೂತು ಮಾಡಿ ಮುಗಿಸಿ. ನಿದ್ದೆ ಬರದಿದ್ದರೆ ಹೊರಳಾಡಬೇಡಿ, ಎದ್ದು ಬೇರೆ ಕಡೆ ಕೂತಿರಿ, ಕಣ್ಣು ತೂಗಿದಾಗ ಬಂದು ಮಲಗಿ.

ಇರುವಕ್ಕ ಇದನ್ನೆಲ್ಲ ಪರೀಕ್ಷೆಗೆ ಕೂತವಳಂತೆ ಮಾಡಿದಳು. ಗಡಿಯಾರ ತಿರುಗಿಸಿದಳು, ಸರಿಯಾಗಿ ತಿರುಗಿಸಿದ್ದೇನೆಯೇ ಎಂದು ಎದ್ದು ನೋಡಿದಳು. ಮೈ ಸಡಿಲ ಬಿಟ್ಟಳು, ಬಿಟ್ಟಿದ್ದು ಸಾಕಾಯಿತೇ ಎಂದು ಯೋಚಿಸಿದಳು. ಗಂಡ ಮಗ್ಗುಲು ತಿರುಗಿ, “ಅಲ್ವೇ, ನಿದ್ದೆ ಮಾಡೋಕೂ ಓವರ್‌ಟೈಮ್ ಮಾಡ್ತಿದ್ದೀಯಲ್ಲ” ಎಂದು ಹೇಳಿ, ತನ್ನ ಮಾತಿಗೆ ತಾನೇ ನಗುತ್ತ ನಿದ್ದೆ ಹೋದ.

ಬರಬರುತ್ತ ಅವಳಿಗೆ ಹಾಸಿಗೆ ಕಂಡರೇ ಭಯವಾಗತೊಡಗಿತು. ಹಾಸಿಗೆ ಮಾರುವವಳಿಗೆ ಹಾಸಿಗೆಯ ಭಯ! ಯಾರ ಹತ್ತಿರ ಹೇಳಿಕೊಳ್ಳುವುದು? ಇದರಿಂದ ಇನ್ನೊಂದು ಕೆಲಸವೂ ನಿಂತುಹೋಯಿತು. ಅವರ ಅಂಗಡಿಯಲ್ಲಿ ಅಜ್ಜಿಯ ಕಾಲದಿಂದ ಒಂದು ಪದ್ಧತಿಯಿತ್ತು. ಮನೆಯವರಲ್ಲಿ ಒಬ್ಬರು ಮಲಗಿ ನೋಡದೆ ಯಾವ ಹಾಸಿಗೆಯೂ ಹೊಸಿಲು ದಾಟುತ್ತಿರಲಿಲ್ಲ. ಅದಕ್ಕೆ ಅವರು ‘ಬೆನ್ನಿಟ್ಟು ನೋಡುವುದು’ ಎನ್ನುತ್ತಿದ್ದರು. ಕೈಯಿಂದ ಅದುಮಿ ನೋಡಿದರೆ ಹತ್ತಿ ಮೋಸ ಮಾಡುತ್ತದೆ, ಬೆನ್ನಿಗೆ ಮಾಡುವುದಿಲ್ಲ ಎಂಬುದು ಅಜ್ಜಿಯ ಲೆಕ್ಕ. ಇರುವಕ್ಕ ಕೆಲವು ತಿಂಗಳಿಂದ ಕೈಯಿಂದ ಅದುಮಿಯೇ ಕಳಿಸುತ್ತಿದ್ದಳು. ಚಿಕ್ಕಿ ಒಂದೆರಡು ಸಲ, “ನಾನಾದ್ರೂ ಮಲಗಿ ನೋಡ್ಲೇನೇ?” ಎಂದು ಕೇಳಿದ್ದಳು. “ಬೇಡ ಚಿಕ್ಕಿ, ನಾನೇ ನೋಡ್ತೀನಿ” ಎಂದು ಇವಳು ಹೇಳುವುದು, ನೋಡದೇ ಇರುವುದು.

ಶಿಶುವಿಹಾರದ ಇಪ್ಪತ್ತು ಹಾಸಿಗೆಗಳ ಕೆಲಸ ಬಂದದ್ದು ಈ ಸಮಯದಲ್ಲಿ. ಮಧ್ಯಾಹ್ನ ಊಟವಾದ ಮೇಲೆ ಮಕ್ಕಳು ಮಲಗುವ ಪುಟ್ಟ ಪುಟ್ಟ ಹಾಸಿಗೆಗಳು. ಹಳೆಯವು ಚಪ್ಪಟೆಯಾಗಿ, ಮಕ್ಕಳು ನೆಲದ ಮೇಲೆ ಮಲಗಿದಂತಾಗಿತ್ತು. ಟೀಚರ್ ಹೊಸ ಗವಸಿನ ಬಟ್ಟೆಯನ್ನು ತಾವೇ ಆರಿಸಿದ್ದರು, ತಿಳಿ ಹಳದಿಯ ಮೇಲೆ ನೀಲಿ ಮೀನು. ಹಳೆಯವನ್ನು ಆಗಲೇ ಗುಜರಿಗೆ ಕೊಟ್ಟಾಗಿತ್ತು. ಒಪ್ಪಿಸುವ ದಿನ ಮಧ್ಯಾಹ್ನ ವ್ಯಾನು ಬಂದು ಒಯ್ಯಬೇಕು, ಮರುದಿನ ಮಕ್ಕಳು ಅವುಗಳ ಮೇಲೆ ಮಲಗಬೇಕು.

ಆ ದಿನ ವ್ಯಾನು ಬರುವ ಮೊದಲೇ ಎಲ್ಲ ಮುಗಿಯಿತು. ಇಪ್ಪತ್ತು ಹಾಸಿಗೆಗಳೂ ಗೋಡೆಗೊರಗಿ ಸಾಲಾಗಿ ನಿಂತವು. ಇರುವಕ್ಕ ಕತ್ತರಿಯನ್ನು ಮೊಳೆಗೆ ತೂಗುಹಾಕಿ, ದಬ್ಬಣವನ್ನು ಅದರ ಮೆತ್ತೆಗೆ ಚುಚ್ಚಿಡೋಣವೆಂದು ಕೈ ಚಾಚಿದರೆ, ದಬ್ಬಣ ಇಲ್ಲ.

ತೋರುಬೆರಳಿಗಿಂತ ಒಂದಿಷ್ಟು ಉದ್ದದ, ಅಜ್ಜಿಯ ಕಾಲದ ದಬ್ಬಣ. ತುದಿ ಇನ್ನೂ ಮುಳ್ಳಿನಷ್ಟು ಚೂಪು. ಚಾಪೆ ಕೊಡವಿದಳು, ಹತ್ತಿಯ ರಾಶಿ ಕೆದಕಿದಳು, ಸೆರಗು ಝಾಡಿಸಿದಳು, ತುರುಬು ಬಿಚ್ಚಿ ನೋಡಿದಳು.

“ಚಿಕ್ಕೀ, ದಬ್ಬಣ ನೋಡಿದ್ಯಾ?”

“ಬೆಳಿಗ್ಗೆಯಿಂದ ನಿನ್ನ ಕೈಯಲ್ಲೇ ಇತ್ತಲ್ಲೇ. ನಾನು ಗವಸಿನ ಬಾಯಿ ಹೊಲಿತಿದ್ದೆ ಸಣ್ಣ ಸೂಜೀಲಿ.”

ಹೌದು. ಚಿಕ್ಕಿ ಗವಸುಗಳ ಬಾಯಿ ಹೊಲಿಯುವಷ್ಟರಲ್ಲಿ, ಒಂದು ಹಾಸಿಗೆಯಲ್ಲಿ ಹತ್ತಿ ಕಡಿಮೆಯಾಯಿತೆಂದು ಇವಳು ಕೈ ಹಾಕಿ ತುಂಬಿದ್ದಳು. ಆಗ ದಬ್ಬಣವನ್ನು ಪಕ್ಕದಲ್ಲಿದ್ದ ಹತ್ತಿಯ ಉಂಡೆಗೆ ಚುಚ್ಚಿದ ನೆನಪು. ಆ ಉಂಡೆ ಎಲ್ಲಿ? ಒಳಗೆ ಹೋಯಿತು. ಯಾವ ಹಾಸಿಗೆಯ ಒಳಗೆ? ಅಲ್ಲಿ ನೆನಪು ನಿಂತಿತು. ನಿದ್ದೆಗೆಟ್ಟ ತಲೆ ಅವಳದು, ಅದರಲ್ಲಿ ಬೆಳಗಿನದೆಲ್ಲ ಮಂಜು ಮಂಜು. ಹತ್ತಿಯಲ್ಲಿ ಹುದುಗಿದ ದಬ್ಬಣ, ಅದರ ಮೇಲೆ ನೀಲಿ ಮೀನು, ಮೀನಿನ ಮೇಲೆ ಯಾರದೋ ಮೂರು ವರ್ಷದ ಮಗು. ಅವಳು ಅಲ್ಲೇ ಕೂತುಬಿಟ್ಟಳು.

ಪಕ್ಕದ ಅಂಗಡಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವನಿಗೆ ಬೀದಿಯವರು ಇಟ್ಟ ಹೆಸರು ವಾಲ್ಯೂಮಣ್ಣ. ಅವನು ಗುಟ್ಟು ಹೇಳಿದರೆ ಎದುರು ಸಾಲಿನವರು ಉತ್ತರ ಕೊಡುತ್ತಿದ್ದರು. ಗಲಾಟೆ ಕೇಳಿ ಓಡಿ ಬಂದ.

“ಇಷ್ಟೇನಾ? ನನ್ನ ಹತ್ರ ಸ್ಪೀಕರ್ ಮ್ಯಾಗ್ನೆಟ್ ಇದೆ! ಒಂದು ನಿಮಿಷ!”

ತಟ್ಟೆಯಷ್ಟು ದೊಡ್ಡ ಅಯಸ್ಕಾಂತ ತಂದು ಹಾಸಿಗೆಗಳ ಮೇಲೆ ಆರತಿಯಂತೆ ಆಡಿಸಿದ. ಅದಕ್ಕೆ ಗೋಡೆಯ ಕತ್ತರಿ ಅಂಟಿತು. ಚಿಕ್ಕಿಯ ಸಣ್ಣ ಸೂಜಿ ಅಂಟಿತು. ಹಿಂದಿನ ವರ್ಷ ಕಳೆದಿದ್ದ ಎರಡು ಪಿನ್ನುಗಳೂ ನೆಲದ ಬಿರುಕಿನಿಂದ ಎದ್ದು ಬಂದವು.

ಮೂಲೆಯ ಕುರ್ಚಿಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅಪ್ಪ ಇಷ್ಟು ಹೊತ್ತು ಮಜಾ ನೋಡುತ್ತಿದ್ದವನು ಈಗ ಬಾಯಿಬಿಟ್ಟ.

“ವಾಲ್ಯೂಮಾ, ಆ ದಬ್ಬಣ ಹಿತ್ತಾಳೇದು ಕಣಯ್ಯಾ.”

“ಮೊದಲೇ ಹೇಳ್ಬಾರ್ದಾ ಯಜಮಾನ್ರೇ!”

“ನೀನು ಹೇಳೋಕೆ ಬಿಟ್ರೆ ತಾನೆ.”

ಇರುವಕ್ಕ ಎದ್ದು ಕತ್ತರಿ ಕಿತ್ತುಕೊಂಡಳು. “ಎಲ್ಲಾನೂ ಬಿಚ್ಚಿಬಿಡ್ತೀನಿ. ಇಪ್ಪತ್ತೂ. ಆಮೇಲೆ ಮತ್ತೆ ಹೊಲಿತೀನಿ. ನಾನೇ ಹೊಲಿತೀನಿ.”

“ವ್ಯಾನು ಇನ್ನೇನು ಬರುತ್ತೆ,” ಎಂದಳು ಚಿಕ್ಕಿ. “ಮಕ್ಕಳು ನಾಳೆ ಎಲ್ಲಿ ಮಲಗ್ಬೇಕು? ನಿನ್ನ ತಲೆ ಮೇಲಾ?”

ಅಪ್ಪ ಕೇಳಿದ, ಮೆತ್ತಗೆ, “ಇರುವೆ, ಬೆನ್ನಿಟ್ಟು ನೋಡಿದ್ಯಾ?”

ಅವಳು ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟಳು. ಚಿಕ್ಕಿ ಹೊರಗೆ ನೋಡಿದಳು. ವಾಲ್ಯೂಮಣ್ಣ ಮೊದಲ ಸಲ ಸುಮ್ಮನೆ ನಿಂತ.

“ಆಗ್ತಿಲ್ಲಪ್ಪಾ,” ಎಂದಳು ಅವಳು ಕೊನೆಗೆ. “ಹಾಸಿಗೆ ಮೇಲೆ ಬೆನ್ನು ತಾಗಿದ್ರೆ ಎದೆ ಹೊಡ್ಕೊಳ್ಳೋಕೆ ಶುರುವಾಗುತ್ತೆ. ನಿದ್ದೆ ಬರುತ್ತೋ ಇಲ್ವೋ, ಬರುತ್ತೋ ಇಲ್ವೋ ಅಂತ.”

ಅಪ್ಪ ಬಯ್ಯುತ್ತಾನೆ ಎಂದುಕೊಂಡಿದ್ದಳು. ಅವನು ಕುರ್ಚಿಯ ಕೈ ಹಿಡಿದು ಎದ್ದ. “ಈಗ ನಿದ್ದೆ ಮಾಡು ಅಂತ ಯಾರು ಹೇಳಿದ್ರು? ನಿದ್ದೆ ಮಾಡೋ ಹಾಗೇ ಇಲ್ಲ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಎಚ್ಚರ ಇರ್ಬೇಕು. ದಬ್ಬಣ ಹುಡುಕ್ತಿದ್ದೀವಿ ತಾನೆ? ಎರಡೆರಡು ಹಾಸಿಗೆ ಜೋಡಿಸು. ಒಬ್ಬೊಬ್ಬರು ಒಂದೊಂದು ಜೋಡಿ. ಲೋ ವಾಲ್ಯೂಮಾ, ನಿನ್ನ ಬೆನ್ನು ಬಾಡಿಗೆಗೆ ಸಿಗುತ್ತಾ?”

“ನಿಮಗೆ ಫ್ರೀ!”

ಅಷ್ಟರಲ್ಲಿ ಬೆಳಗಿನ ಪಾಳಿ ಮುಗಿಸಿದ ಗಂಡನೂ ಖಾಕಿ ಅಂಗಿಯಲ್ಲೇ ಬಂದ. ವಿಷಯ ತಿಳಿದವನೇ ಚಪ್ಪಲಿ ಬಿಟ್ಟು ಮಲಗಿದ. ಮಲಗಿದವನೇ ಗೊರಕೆ ಹೊಡೆದ. “ಇವನು ಲೆಕ್ಕಕ್ಕಿಲ್ಲ,” ಎಂದಳು ಚಿಕ್ಕಿ. “ದಬ್ಬಣ ಬಿಡು, ಹಾರೆ ಚುಚ್ಚಿದ್ರೂ ಇವನಿಗೆ ಸ್ಟಾಪ್ ಬಂತು ಅಂತಲೇ ಅನ್ಸುತ್ತೆ.” ಅಪ್ಪ ಕೋಲಿನಿಂದ ತಿವಿದು ಅವನನ್ನು ಎಬ್ಬಿಸಿ, ಬಾಗಿಲಲ್ಲಿ ವ್ಯಾನು ಕಾಯಲು ಕೂರಿಸಿದ.

ಇರುವಕ್ಕ ಕಿಟಕಿಯ ಕೆಳಗಿನ ಜೋಡಿಯ ಮೇಲೆ ಮಲಗಿದಳು. ಮೈ ಕಟ್ಟಿಗೆಯಂತಿತ್ತು. ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಹಿಂದೆ ಅವಳಿಗೆ ಈ ಕೆಲಸ ಕಲಿಸಿದ ದನಿಯಲ್ಲೇ ಹೇಳತೊಡಗಿದ.

“ಗಟ್ಟಿ ಹಿಡಿದ ಬೆನ್ನಿಗೆ ಕಲ್ಲಿದ್ರೂ ತಿಳಿಯಲ್ಲ. ಭಾರ ಬಿಡು. ನಿನ್ನ ಭಾರ ಹೊರೋದು ಹಾಸಿಗೆ ಕೆಲಸ, ನಿಂದಲ್ಲ. ಮೊದಲು ಹಿಮ್ಮಡಿ ಕೇಳು. ಏನಾದ್ರೂ ಚುಚ್ತಾ?”

“ಇಲ್ಲ.”

“ಅವಸರ ಮಾಡ್ಬೇಡ. ಹಿಮ್ಮಡಿ ಪೂರ್ತಿ ಒಳಗೆ ಇಳಿಲಿ. ಈಗ ಮೀನಖಂಡ.”

“ಇಲ್ಲಪ್ಪ.”

“ಮಂಡಿ ಹಿಂದೆ. ತೊಡೆ. ಸೊಂಟದ ಹತ್ರ ನಿಧಾನ. ಅಲ್ಲೇ ಎಲ್ಲರೂ ಭಾರ ಕಚ್ಚಿ ಹಿಡ್ಕೊಂಡಿರ್ತಾರೆ. ಬಿಡು. ಉಸಿರು ಬಿಡ್ತಾ ಬಿಡು. ಏನಾದ್ರೂ?”

“ಊಹೂಂ.”

“ಬೆನ್ನು ಒಂದೊಂದೇ ಎಲುಬು ಕೇಳು. ಭುಜ. ಭುಜ ಕಿವಿಗೆ ಯಾಕೆ ಹೋಗಿದೆ? ಕೆಳಗೆ ಬರಲಿ. ಈಗ ಏನಾದ್ರೂ ಚುಚ್ತಾ ಇರುವೆ?”

ಇರುವೆ ಉತ್ತರ ಕೊಡಲಿಲ್ಲ.

ಭುಜದವರೆಗಿನದು ಅವಳಿಗೆ ನೆನಪಿದೆ. ದಬ್ಬಣ ಸಿಗಬೇಕೆಂದು ಬೆನ್ನಿನ ಒಂದೊಂದು ಅಂಗುಲವನ್ನೂ ಕೇಳುತ್ತ ಹೋಗುವಾಗ, ನಿದ್ದೆ ಬರುತ್ತದೋ ಇಲ್ಲವೋ ಎಂದು ನೋಡುವುದನ್ನು ಅವಳು ಮರೆತೇಬಿಟ್ಟಿದ್ದಳು. ಆಮೇಲಿನದೆಲ್ಲ ಅವಳಿಗೆ ಬೇರೆಯವರಿಂದ ತಿಳಿದದ್ದು, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ಆದರೆ ಎಲ್ಲರೂ ಒಪ್ಪಿದ ಭಾಗ ಇಷ್ಟು.

ಅಪ್ಪ ಬಗ್ಗಿ ನೋಡಿ, ಬೆರಳನ್ನು ತುಟಿಯ ಮೇಲಿಟ್ಟುಕೊಂಡ. ಚಿಕ್ಕಿ ಮೊಣಕೈಯೂರಿ ಎದ್ದು ನೋಡಿದಳು, ಕಣ್ಣೊರೆಸಿಕೊಂಡಳು. ವಾಲ್ಯೂಮಣ್ಣ, “ಮಲಗಿ—” ಎಂದು ಶುರು ಮಾಡಿದವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ತುದಿಗಾಲಲ್ಲಿ ತನ್ನ ಅಂಗಡಿಗೆ ಹೋಗಿ ಒಂದೊಂದೇ ರೇಡಿಯೋ ಆರಿಸಿ ಬಂದ. ಬಾಗಿಲಲ್ಲಿದ್ದ ಗಂಡ ಬೀದಿಗಿಳಿದ. ಹಾರ್ನ್ ಹೊಡೆಯಲು ಕೈ ಎತ್ತಿದ ಸ್ಕೂಟರಿನವನ ಮುಂದೆ ನಿಂತು, ಬಸ್ಸಿನ ಡ್ರೈವರ್ ಒಬ್ಬ ಹಾರ್ನ್ ಬೇಡವೆಂದು ಕೈ ಮುಗಿದದ್ದು ಆ ಬೀದಿಯ ಚರಿತ್ರೆಯಲ್ಲೇ ಮೊದಲು. ಎದುರಿನ ಬಡಗಿ ಏನೆಂದು ಸನ್ನೆಯಲ್ಲೇ ಕೇಳಿದ. ಗಂಡ ಅಂಗೈ ಕೆನ್ನೆಗಿಟ್ಟು, ಒಳಗೆ ತೋರಿಸಿದ. ಬಡಗಿ ಉಳಿ ಕೆಳಗಿಟ್ಟು, ಮರಳು ಕಾಗದ ಎತ್ತಿಕೊಂಡ. ತನಗೆ ನಿದ್ದೆ ಇಲ್ಲವೆಂಬುದು ಯಾರಿಗೂ ಗೊತ್ತಿಲ್ಲವೆಂದು ಇರುವಕ್ಕ ತಿಳಿದಿದ್ದಳಲ್ಲ, ಇಡೀ ಬೀದಿಗೆ ಗೊತ್ತಿತ್ತು.

ಒಳಗೆ ಹುಡುಕಾಟ ನಡೆದೇ ಇತ್ತು. ಚಿಕ್ಕಿ ಒಂದು ಜೋಡಿ, ವಾಲ್ಯೂಮಣ್ಣ ಒಂದು ಜೋಡಿ, ನೋಡಿದ್ದು ಆ ಗೋಡೆಗೆ, ನೋಡದ್ದು ಈ ಗೋಡೆಗೆ. ಇಂಥ ಹೊತ್ತಿನಲ್ಲಿ ಶಿಶುವಿಹಾರದ ಟೀಚರ್ ವ್ಯಾನಿನಿಂದ ಇಳಿದು ಒಳಗೆ ಬಂದರು. ಮಕ್ಕಳ ಹಾಸಿಗೆಯ ಮೇಲೆ ಒಬ್ಬ ಮೀಸೆಯ ಗಂಡಸು ಕಣ್ಣು ಮುಚ್ಚಿ, ತನ್ನ ಸೊಂಟವನ್ನು ಏನೋ ಪಿಸುದನಿಯಲ್ಲಿ ಕೇಳುತ್ತಿದ್ದಾನೆ. ಅವರಿಗೆ ಹೇಗಾಗಿರಬೇಡ!

ಚಿಕ್ಕಿ ಅವರನ್ನು ಬಾಗಿಲ ಹೊರಗೆ ಕರೆದೊಯ್ದು ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದಳು. ದಬ್ಬಣದ್ದನ್ನೂ, ನಿದ್ದೆಯದ್ದನ್ನೂ. “ನಿಮ್ಮ ಮಕ್ಕಳಿಗೆ ಅಂತ ಕೊಡೋದು, ಸುಳ್ಳು ಹೇಳೋಕಾಗಲ್ಲ. ಸಿಗದೆ ಒಂದೂ ಆಚೆ ಹೋಗಲ್ಲ,” ಎಂದಳು.

ಟೀಚರ್ ಒಳಗೆ ಇಣುಕಿ ಕಿಟಕಿಯ ಕೆಳಗೆ ನೋಡಿದರು. ದಿನಾ ಅಷ್ಟು ಮಕ್ಕಳನ್ನು ಮಲಗಿಸುವವರಿಗೆ ಒಳ್ಳೆಯ ನಿದ್ದೆ ಯಾವುದು, ನಟನೆ ಯಾವುದು ಎಂದು ಹೇಳಿಕೊಡಬೇಕಾಗಿಲ್ಲ. ಚಪ್ಪಲಿ ಬಿಟ್ಟು, ಕೈಚೀಲ ಮೂಲೆಗಿಟ್ಟು, “ನನಗೆ ಯಾವ ಜೋಡಿ?” ಎಂದು ಪಿಸುಗುಟ್ಟಿದರು.

ಒಂದೇ ಜೋಡಿ ಉಳಿದಾಗ ಅಪ್ಪನಿಗೆ ತಡೆಯಲಾಗಲಿಲ್ಲ. “ಕೊನೇದು ನಂದು,” ಎಂದು ಸನ್ನೆ ಮಾಡಿದ.

“ಭಾವ, ನಿಮ್ಮ ಮಂಡಿ,” ಎಂದಳು ಚಿಕ್ಕಿ ದನಿಯಿಲ್ಲದೆ.

“ಮಂಡಿ ಮಡಚೋಕೆ ಆಗಲ್ಲ, ಚಾಚೋಕೇನು?”

ಇಬ್ಬರು ಹಿಡಿದು ಅವನನ್ನು ಇಳಿಸಿದರು. ಅವನು ನಿಧಾನವಾಗಿ ಮಲಗಿದ. ಹಿಮ್ಮಡಿ ಕೇಳಿದ, ಮೀನಖಂಡ ಕೇಳಿದ, ತೊಡೆ ಕೇಳಿದ. ಅಜ್ಜಿಯ ಪದ್ಧತಿಯ ಪ್ರಕಾರ, ನಿಯತ್ತಾಗಿ, ಪೂರ್ತಿ ಭಾರ ಬಿಟ್ಟ.

ಅವನ ಕಣ್ಣು ಒಮ್ಮೆಲೇ ಅಗಲವಾಯಿತು. ಬಾಯಿ ತೆರೆಯಿತು. ಆ ಬಾಯಿಯಿಂದ ಬರಬೇಕಾಗಿದ್ದ ಕೂಗು ಎಂಥದು ಎಂದು ಆ ಬೀದಿಯವರಿಗೆಲ್ಲ ಗೊತ್ತು. ಕಾಲಿಗೆ ಇರುವೆ ಕಚ್ಚಿದರೂ ನಾಲ್ಕು ಮನೆ ಕೇಳುವಂತೆ ಬೊಬ್ಬಿಡುವ ಮನುಷ್ಯ ಅವನು. ಆದರೆ ಅವನ ದೃಷ್ಟಿ ಕಿಟಕಿಯ ಕಡೆ ಹೋಯಿತು. ಅಂಗಿಯ ತೋಳನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ಮುಖ ಕೆಂಪಾಯಿತು, ಕಣ್ಣಿನಿಂದ ನೀರು ಸುರಿಯಿತು, ಒಂದು ಕೈ ಗಾಳಿಯಲ್ಲಿ ಎದ್ದು ತನ್ನ ಹಿಂಭಾಗವನ್ನು ತೋರಿಸಿತು. ಒಂದೇ ಒಂದು ಸದ್ದು ಬರಲಿಲ್ಲ.

ಟೀಚರ್ ನಗು ತಡೆಯಲಾಗದೆ ಬೀದಿಗೆ ಓಡಿದರು. ವಾಲ್ಯೂಮಣ್ಣ ಅವರ ಹಿಂದೆಯೇ ಓಡಿ, ಬಡಗಿಯ ಅಂಗಡಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕ. ಚಿಕ್ಕಿ ಮಾತ್ರ ಹಾಸಿಗೆಯ ಹೊಲಿಗೆ ಬಿಚ್ಚಿ, ದಬ್ಬಣ ಎಳೆದು ಬಟ್ಟೆಗೆ ಒರೆಸಿ, ಅದೇ ದಬ್ಬಣದಿಂದ ಮತ್ತೆ ಹೊಲಿದಳು. ಹೊಲಿಯುವಾಗ ಅವಳ ಭುಜಗಳು ಕುಲುಕುತ್ತಿದ್ದವು. “ಔಷಧಿ ಹಚ್ಲಾ ಭಾವ?” ಎಂದು ಕೇಳಿದಳಂತೆ. “ಬೇಡ, ಮರ್ಯಾದೆ ಇರಲಿ,” ಎಂದನಂತೆ.

ಇರುವಕ್ಕನಿಗೆ ಎಚ್ಚರವಾದಾಗ ಕಿಟಕಿಯ ಬೆಳಕು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಒಂದು ಕ್ಷಣ ತಾನು ಎಲ್ಲಿದ್ದೇನೆ, ಎಷ್ಟು ವರ್ಷದವಳು ಎಂದೇ ತಿಳಿಯಲಿಲ್ಲ. ಕೈಕಾಲು ಭಾರವಾಗಿ, ಸುಖವಾಗಿದ್ದವು. ಆಮೇಲೆ ಗೋಡೆ ಕಂಡಿತು. ಗೋಡೆ ಖಾಲಿ.

ಧಡಕ್ಕನೆ ಎದ್ದು ಕೂತಳು. “ಹಾಸಿಗೆ ಎಲ್ಲಿ?”

“ಹೋದವು,” ಎಂದಳು ಚಿಕ್ಕಿ. “ದಬ್ಬಣ ಸಿಕ್ತು. ಎಲ್ಲಿ ಸಿಕ್ತು ಅಂತ ನಿಮ್ಮಪ್ಪನ್ನೇ ಕೇಳು, ನಿಂತ್ಕೊಂಡೇ ಹೇಳ್ತಾರೆ. ಇವತ್ತು ಕೂರಲ್ಲ ಅವರು.”

“ನಾನು ನೋಡದೇನೇ ಕಳಿಸಿದ್ರಾ?”

“ನಾವು ನೋಡಿದ್ವಲ್ಲ.”

“ದಬ್ಬಣ ತೆಗೆಯೋಕೆ ಬಿಚ್ಚಿದ್ದನ್ನ ಯಾರು ಹೊಲಿದ್ರು?”

“ನಾನು.” ಚಿಕ್ಕಿ ದಾರ ಸುತ್ತುತ್ತ, ತಲೆ ಎತ್ತದೆ ಹೇಳಿದಳು, “ಗಂಟೂ ನಾನೇ ಹಾಕ್ದೆ. ಅದನ್ನ ಬಿಚ್ಚಿ ಮತ್ತೆ ಹಾಕೋಕೆ ಈಗ ನೀನು ವ್ಯಾನಿನ ಹಿಂದೆ ಓಡ್ಬೇಕಾಗುತ್ತೆ.”

ಇರುವಕ್ಕನ ಮುಖ ಬಿಸಿಯಾಯಿತು. ಚಿಕ್ಕಿಯ ಕಡೆ ನೋಡಿದರೆ, ಚಿಕ್ಕಿಯ ತುಟಿಯ ಕೊನೆ ಅಲುಗುತ್ತಿತ್ತು. ಮೊದಲು ನಕ್ಕದ್ದು ಯಾರೋ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ಕೇಳಿ ವಾಲ್ಯೂಮಣ್ಣ, ಇನ್ನು ಪರವಾಗಿಲ್ಲವೆಂದು ತಿಳಿದು, ಎಲ್ಲ ರೇಡಿಯೋಗಳನ್ನೂ ಒಟ್ಟಿಗೆ ಹಚ್ಚಿದ.

“ನಿನ್ನ ಕೆಳಗಿರೋ ಎರಡು ಮಾತ್ರ ಉಳಿದಿವೆ,” ಎಂದಳು ಚಿಕ್ಕಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ಎಬ್ಬಿಸ್ತೀನಿ ಅಂದೆ. ಬೇಡ, ನಾಳೆ ಮಧ್ಯಾಹ್ನದೊಳಗೆ ಅವರೇ ತಂದುಕೊಡ್ಲಿ ಅಂದ್ರು ಟೀಚರ್.”

ಅಂದು ರಾತ್ರಿ ಅವಳಿಗೆ ತುಂಬ ನಿದ್ದೆಯೇನೂ ಬರಲಿಲ್ಲ. ಸಂಜೆಯವರೆಗೂ ಮಲಗಿದವಳಿಗೆ ಎಲ್ಲಿಂದ ಬರಬೇಕು? ಆದರೆ ಅದು ಹೋರಾಟವಾಗಲಿಲ್ಲ. ಎದ್ದು ಹಜಾರದಲ್ಲಿ ಕೂತು, ಅಪ್ಪನ ಮುಖ ಹೇಗಾಗಿದ್ದಿರಬಹುದು ಎಂದು ನೆನೆದು ಒಬ್ಬಳೇ ನಕ್ಕಳು. ಕಣ್ಣು ತೂಗಿದಾಗ ಹೋಗಿ ಮಲಗಿ, ಹಿಮ್ಮಡಿಯಿಂದ ಕೇಳಲು ಶುರು ಮಾಡಿದಳು. ಸೊಂಟದವರೆಗೆ ಬಂದದ್ದು ನೆನಪಿದೆ.

ಮರುದಿನ ಎರಡು ಹಾಸಿಗೆಗಳನ್ನು ಸುರುಳಿ ಸುತ್ತಿ, ಎರಡು ಕಂಕುಳಲ್ಲಿ ಇರುಕಿಕೊಂಡು ಶಿಶುವಿಹಾರಕ್ಕೆ ಹೋದಳು. ಹಾಸಿಗೆ ಕೊಟ್ಟು, ಉಳಿದವನ್ನೂ ಒಂದು ಸಲ ತಿರುಗಿಸಿ ನೋಡಿ, ಆ ಕೊನೆಯ ಗಂಟನ್ನಾದರೂ ಎಳೆದು ನೋಡಿ ಬರಬೇಕೆಂಬ ಆಸೆ ಮನಸ್ಸಿನ ಮೂಲೆಯಲ್ಲಿ ಇದ್ದೇ ಇತ್ತು. ಹುಟ್ಟುಗುಣ ಒಂದೇ ಮಧ್ಯಾಹ್ನದಲ್ಲಿ ಹೋದೀತೇ?

ಊಟ ಮಾಡದೆಯೇ ಹೊರಟಿದ್ದರೂ ತಡವಾಗಿತ್ತು. ಮಕ್ಕಳ ಊಟ ಮುಗಿದಿತ್ತು. ಟೀಚರ್ ಬಾಗಿಲಲ್ಲೇ ಬೆರಳೆತ್ತಿ, ಸದ್ದು ಬೇಡವೆಂದು ಒಳಗೆ ಕರೆದರು. ಕಿಟಕಿಗಳಿಗೆ ಪರದೆ ಎಳೆದಿತ್ತು. ಉದ್ದನೆಯ ಕೋಣೆಯ ತುಂಬ ನೀಲಿ ಮೀನುಗಳು, ಮೀನುಗಳ ಮೇಲೆ ಮಕ್ಕಳು. ಒಬ್ಬ ಬೋರಲು, ಒಬ್ಬಳು ಅಡ್ಡಡ್ಡ, ಒಬ್ಬನ ಕಾಲು ಪಕ್ಕದವಳ ಹೊಟ್ಟೆಯ ಮೇಲೆ. ಇಬ್ಬರು ಮಾತ್ರ ಟೀಚರ್ ಶಾಲು ಹಾಸಿದ ಜಾಗದಲ್ಲಿ ಕೂತು, ಕಣ್ಣು ತೂಗುತ್ತ ಕಾಯುತ್ತಿದ್ದರು. ಇರುವಕ್ಕ ಕಂಕುಳಿನದನ್ನು ಬಿಡಿಸಿ ಹಾಸಿದಳು. ಇಬ್ಬರೂ ಅವಳ ಮುಖ ಕೂಡ ನೋಡಲಿಲ್ಲ. ಉರುಳಿಕೊಂಡವರೇ, ಒಂದು ನಿಟ್ಟುಸಿರು ಬಿಟ್ಟು, ಪೂರ್ತಿ ಭಾರವನ್ನು ಹಾಸಿಗೆಗೆ ಕೊಟ್ಟುಬಿಟ್ಟರು.

ಯಾವುದರಲ್ಲಿ ದಬ್ಬಣವಿತ್ತು? ಚಿಕ್ಕಿಯ ಗಂಟು ಯಾವುದರ ಕೆಳಗಿದೆ? ನೋಡಬೇಕಾದರೆ ಒಂದೊಂದು ಮಗುವನ್ನೂ ಎಬ್ಬಿಸಬೇಕು. ಅವಳು ಸಾಲಿನ ಕೊನೆಯವರೆಗೆ ಕಣ್ಣು ಹಾಯಿಸಿದಳು. ಯಾರೂ ಅಲುಗಲಿಲ್ಲ. ಎಲ್ಲರ ಉಸಿರೂ ಒಟ್ಟಿಗೆ ಏರುತ್ತಿತ್ತು, ಒಟ್ಟಿಗೆ ಇಳಿಯುತ್ತಿತ್ತು. ಅವಳ ಭುಜವೂ ತಾನಾಗಿಯೇ ಕಿವಿಯಿಂದ ಕೆಳಗೆ ಬಂತು.

ಮೊಣಕೈಗೆ ಏನೋ ತಾಗಿತು. ಟೀಚರ್ ಒಂದು ಪುಟ್ಟ ಕುರ್ಚಿಯನ್ನು ಸದ್ದಿಲ್ಲದೆ ಅವಳ ಹಿಂದೆ ಸರಿಸಿದ್ದರು. ಅವಳು ಮಂಡಿ ಎದೆಗೆ ಬರುವಂತೆ ಅದರಲ್ಲಿ ಕೂತಳು. ಟೀಚರ್ ಒಳಗೆ ಹೋಗಿ ಬಂದು, ಮಕ್ಕಳ ಅಡುಗೆಯಲ್ಲಿ ಉಳಿದದ್ದನ್ನೆಲ್ಲ ಬಿಸಿ ಮಾಡಿ ಬಡಿಸಿದ ತಟ್ಟೆಯನ್ನು, ಚಮಚ ತಾಗಿ ಸದ್ದಾಗದಂತೆ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, ಅವಳ ಎರಡು ಕೈಗಳ ನಡುವೆ ಇಟ್ಟರು.